ಕ್ಯಾನನ್ 2900ನ್ನು ಲಿನಕ್ಸಿಗೆ ಒಲಿಸುವ ಬಗೆ

ಸೊಲ್ಲಾಪುರದಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ಝೆರಾಕ್ಸ್ ಅಂಗಡಿಯೊಂದನ್ನು ಹೊಕ್ಕರೆ ಮೂಲೆಯಲ್ಲಿ ಪುಟ್ಟದೊಂದು ಲೇಸರ್ ಪ್ರಿಂಟರ್ ಕಾಣುವ ಸಂಭವ ಹೆಚ್ಚು: ಕ್ಯಾನನ್ ಎಲ್‌ಬಿಪಿ 2900. ಮರಾಠಿಯ ಸಾತ್‌ಬಾರಾ ಎಂಬ ಜಮೀನು ಉತಾರೆಗೂ ಅದೇ, ಕನ್ನಡ ಶಾಲೆಯ ಪ್ರಶ್ನೆಪತ್ರಿಕೆಗೂ ಅದೇ. ನಿಮಿಷಕ್ಕೆ 12 ಪುಟ. ಟೋನರ್ ಮುಗಿದಾಗಲೆಲ್ಲ ರೀಫಿಲ್ ಮಾಡಿಸಿದರೆ ವರ್ಷಗಟ್ಟಲೆ ದುಡಿಯುತ್ತದೆ. ಹಳೆಯ ಕಂಪ್ಯೂಟರಿಗೆ ವಿಂಡೋಸ್ ಭಾರವಾಯಿತೆಂದು ಲಿನಕ್ಸ್ ಹಾಕಿಸಿದ ದಿನ ಮಾತ್ರ ಅದು ಮುನಿಸಿಕೊಳ್ಳುತ್ತದೆ. ಆಗ ಟರ್ಮಿನಲ್ ತೆರೆದು ಕೂರುವ ಕೈಯ ಕೆಲಸ ನೋಡುವಂಥದ್ದು.

ಮುನಿಸಿಗೆ ಕಾರಣವಿದೆ. ದೊಡ್ಡ ಪ್ರಿಂಟರುಗಳಿಗೆ ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಎಂಬ ಸಾಮಾನ್ಯ ಭಾಷೆಗಳು ಗೊತ್ತು. 2900ಕ್ಕೆ ಎರಡೂ ಬಾರವು. ಅದರ ಮೆಮರಿ ಬರೀ 2 ಎಂಬಿ. ಪುಟವನ್ನು ಚುಕ್ಕೆಗಳಾಗಿ ಬಿಡಿಸಿ, ಕುಗ್ಗಿಸಿ ಕಳಿಸುವ ಹೊರೆ ಕಂಪ್ಯೂಟರಿನದೇ. ಕಳಿಸುವ ರೀತಿ ಕ್ಯಾನನ್ ಕಂಪನಿಯದೇ ಪದ್ಧತಿ, ಹೆಸರು ಕ್ಯಾಪ್ಟ್. ಲಿನಕ್ಸಿಗೂ ಕಂಪನಿ ಡ್ರೈವರ್ ಕೊಟ್ಟಿದೆ, ಆದರೆ ಅದರ ಮುಖ್ಯ ಭಾಗಗಳ ಸೋರ್ಸ್ ಕೋಡ್ ಕೊಟ್ಟಿಲ್ಲ. 1980ರ ಸುಮಾರಿಗೆ ಎಂಐಟಿಯಲ್ಲಿ ಝೆರಾಕ್ಸ್ ಕಂಪನಿಯ ಪ್ರಿಂಟರೊಂದರ ಕೋಡ್ ಸಿಗದೆ ಕೆರಳಿದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಗ್ನೂ ಯೋಜನೆ ಸಾರಿದರು. ಅಷ್ಟು ದೊಡ್ಡ ಚಳವಳಿ ನಡೆದ ಮೇಲೂ ಜಗಳ ಪ್ರಿಂಟರಿನ ಹತ್ತಿರವೇ ನಿಂತಿರುವುದು ತಮಾಷೆ.

ಬಲ್ಲವರು ಮೊದಲಿಗೆ ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ‘ಎಲ್‌ಎಸ್‌ಯುಎಸ್‌ಬಿ’ ಎಂದು ಟೈಪಿಸಿ ನೋಡುತ್ತಾರೆ. ಪಟ್ಟಿಯಲ್ಲಿ 04ಎ9 ಎಂಬ ಕ್ಯಾನನ್ ಸಂಖ್ಯೆ ಕಂಡರೆ ಕೇಬಲ್ ಸರಿಯಿದೆ, ಯಂತ್ರಕ್ಕೆ ಜೀವವಿದೆ ಎಂದರ್ಥ. ಅನಂತರ ಕಂಪನಿಯ ಡ್ರೈವರಿನ ಎರಡು ಪ್ಯಾಕೇಜು. ‘ಕಾಮನ್’ ಮೊದಲು, ‘ಕ್ಯಾಪ್ಟ್’ ಆಮೇಲೆ. ಇದು ಸಲೀಸು.

ನಿಜವಾದ ಪರೀಕ್ಷೆ ಮುಂದಿದೆ. 64 ಬಿಟ್ ಗಣಕಕ್ಕೆಂದು ಕೊಟ್ಟ ಪ್ಯಾಕೇಜಿನ ಒಳಗೂ ಕೆಲವು ಪ್ರೋಗ್ರಾಂಗಳು 32 ಬಿಟ್ಟಿನವೇ. ಅವನ್ನು ನಡೆಸಹೋದರೆ ‘ಅಂಥ ಫೈಲ್ ಇಲ್ಲ’ ಎಂಬ ಉತ್ತರ ಬರುತ್ತದೆ. ಫೋಲ್ಡರ್ ತೆರೆದರೆ ಫೈಲ್ ಕಣ್ಣೆದುರೇ ಇದೆ! ಹೊಸಬರು ಇಲ್ಲಿ ಕಂಗಾಲಾಗಿ ಎಲ್ಲವನ್ನೂ ಅಳಿಸಿ ಮತ್ತೆ ಹಾಕುತ್ತಾರೆ, ಫಲ ಅದೇ. ಪಳಗಿದವರು ‘ಫೈಲ್’ ಎಂಬ ಕಮಾಂಡಿನಿಂದ ಆ ಪ್ರೋಗ್ರಾಮಿನ ಜಾತಕ ಕೇಳುತ್ತಾರೆ. 32 ಬಿಟ್ ಎಂದು ತಿಳಿದೊಡನೆ ಗುಟ್ಟು ರಟ್ಟು: ಇಲ್ಲವಾದದ್ದು ಆ ಪ್ರೋಗ್ರಾಂ ಅಲ್ಲ, ಅದನ್ನು ಮೆಮರಿಗೆ ಏರಿಸಬೇಕಾದ 32 ಬಿಟ್ ಲೋಡರ್. ಲಿನಕ್ಸ್ ಸುಳ್ಳು ಹೇಳಿರಲಿಲ್ಲ, ಯಾವ ಫೈಲ್ ಎಂದು ಹೇಳಿರಲಿಲ್ಲ ಅಷ್ಟೆ. ‘ಐ386’ ಲೈಬ್ರರಿಗಳನ್ನು ಸೇರಿಸಿದರೆ ತಕರಾರು ಮುಗಿಯಿತು. ಇಡೀ ವಿದ್ಯೆಯಲ್ಲಿ ನನಗೆ ಅತಿ ಮೆಚ್ಚಿಗೆಯಾದದ್ದು ಈ ಹೆಜ್ಜೆ.

ಬಳಿಕ ‘ಎಲ್‌ಪಿಅಡ್ಮಿನ್’ ಕಮಾಂಡಿನಿಂದ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯಲ್ಲಿ ಪ್ರಿಂಟರಿನ ಹೆಸರು ದಾಖಲಾಗುತ್ತದೆ. ‘ಸಿಸಿಪಿಡಿಅಡ್ಮಿನ್’ ಆ ಹೆಸರನ್ನು ಯುಎಸ್‌ಬಿ ದಾರಿಗೆ ಕಟ್ಟುತ್ತದೆ. ಕಪ್ಸ್ ಮತ್ತು ಪ್ರಿಂಟರಿನ ನಡುವೆ ಸಿಸಿಪಿಡಿ ಎಂಬ ಪ್ರೋಗ್ರಾಂ ತೆರೆಮರೆಯಲ್ಲಿ ಎಚ್ಚರವಾಗಿರಬೇಕು. ಅದರ ಸ್ಥಿತಿ ಕೇಳಿದಾಗ ಎರಡು ಪ್ರೋಸೆಸ್ ಸಂಖ್ಯೆ ಬಂದರೆ ಸರಿ. ಒಂದೇ ಬಂದರೆ ಅರ್ಧ ಎದ್ದಿದೆ ಎಂದು ತಿಳಿದು, ಪ್ರಿಂಟರ್ ಚಾಲೂ ಇದೆಯೇ ನೋಡಿ, ಸಿಸಿಪಿಡಿಯನ್ನಷ್ಟೇ ಮತ್ತೆ ಶುರುಮಾಡುತ್ತಾರೆ. ಗಿರಾಕಿ ಕಾಯುತ್ತಿದ್ದರೂ ಬಲ್ಲವರ ಕೈ ಉಳಿದದ್ದಕ್ಕೆ ಹೋಗುವುದಿಲ್ಲ.

ಕಂಪನಿಯ ಗುಟ್ಟನ್ನು ಹೊರಗಿನಿಂದಲೇ ಅಭ್ಯಸಿಸಿ ಕಟ್ಟಿದ ‘ಕ್ಯಾಪ್ಟ್‌ಡ್ರೈವರ್’ ಎಂಬ ಮುಕ್ತ ತಂತ್ರಾಂಶವೂ ಇದೆ. 2900 ಅದಕ್ಕೆ ಒಗ್ಗಿದ ಯಂತ್ರ. ಇತ್ತ ಕಪ್ಸ್ ತನ್ನ 3ನೇ ಆವೃತ್ತಿಯಿಂದ ಹಳೆಯ ಮಾದರಿಯ ಡ್ರೈವರುಗಳನ್ನೇ ಕೈಬಿಡುವುದಾಗಿ ಹೇಳಿದೆ. ಹಳೆಯ ಕಪ್ಸ್ ನಡೆಯುವತನಕ ಅಂಗಡಿಯವರು ‘ಕಾಮನ್’, ‘ಕ್ಯಾಪ್ಟ್’ ಪ್ಯಾಕೇಜುಗಳನ್ನು ಪೆನ್‌ಡ್ರೈವಿನಲ್ಲಿಟ್ಟು, ಹೊಡೆದ ಕಮಾಂಡುಗಳನ್ನು ಕ್ರಮವಾಗಿ ಬರೆದ ಚೀಟಿಯೊಂದನ್ನು ಪ್ರಿಂಟರಿನ ಅಡಿಗೆ ಅಂಟಿಸಿಟ್ಟುಕೊಳ್ಳುವುದು ಒಳ್ಳೆಯದು.