ಖಾಸಗಿತನ ರಕ್ಷಣೆಗಾಗಿ ಪ್ರತ್ಯೇಕ ಸಂಪರ್ಕ ವಿವರಗಳ ಬಳಕೆ

ಒಬ್ಬ ವ್ಯಕ್ತಿಯು ಬ್ಯಾಂಕ್, ಕುಟುಂಬ, ಉದ್ಯೋಗ, ಖರೀದಿ ಮೊದಲಾದ ವ್ಯವಹಾರಗಳಿಗೆ ಬೇರೆ ಬೇರೆ ಮೊಬೈಲ್ ಸಂಖ್ಯೆ ಹಾಗೂ ಇಮೇಲ್ ವಿಳಾಸಗಳನ್ನು ಬಳಸಿ ತನ್ನ ವೈಯಕ್ತಿಕ ಮಾಹಿತಿಯನ್ನು ಕಾಪಾಡಿಕೊಳ್ಳುವ ಕ್ರಮವನ್ನು ಸಂಪರ್ಕ ವಿವರಗಳ ಪ್ರತ್ಯೇಕತೆ ಎನ್ನಬಹುದು. ಒಂದು ಕಡೆ ಸೋರಿದ ಮಾಹಿತಿಯು ಮತ್ತೊಂದು ಕಡೆಯ ಮಾಹಿತಿಯೊಂದಿಗೆ ಜೋಡಣೆಯಾಗದಂತೆ ತಡೆಯುವುದು ಇದರ ಮುಖ್ಯ ಉದ್ದೇಶ.

ಹಿನ್ನೆಲೆ

ಒಂದೇ ಹೆಸರಿನವರು ಹಲವರಿರಬಹುದು. ಆದರೆ ಮೊಬೈಲ್ ಸಂಖ್ಯೆ ಒಂದು ಕಾಲಕ್ಕೆ ಒಬ್ಬರದೇ ಆಗಿರುತ್ತದೆ. ಆದ್ದರಿಂದ ಬೇರೆ ಬೇರೆ ಸಂಸ್ಥೆಗಳ ಪಟ್ಟಿಗಳನ್ನು ಹೋಲಿಸಿ ಒಬ್ಬ ವ್ಯಕ್ತಿಯ ವಿವರಗಳನ್ನು ಒಟ್ಟುಗೂಡಿಸಲು ಅದು ಸುಲಭ ಸಾಧನವಾಗುತ್ತದೆ. ಉದಾಹರಣೆಗೆ, ಹಟ್ಟಿಯ ನಿವಾಸಿಯೊಬ್ಬರು ಸಿಂಧನೂರಿನ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಗಾಗಿ ನೀಡಿದ ಸಂಖ್ಯೆಯೇ ಅವರ ಬ್ಯಾಂಕ್ ಖಾತೆಗೂ ಜೋಡಣೆಯಾಗಿದ್ದರೆ, ಅಂಗಡಿಯ ಪಟ್ಟಿ ಕೈಸೇರಿದ ವಂಚಕನಿಗೆ ಒಟಿಪಿ ಬರುವ ಸಂಖ್ಯೆ ಯಾವುದೆಂಬುದು ತಿಳಿದಂತಾಗುತ್ತದೆ. ಬಿಲ್ ನೀಡಲು ಗ್ರಾಹಕರ ಮೊಬೈಲ್ ಸಂಖ್ಯೆಗೆ ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿತು.

ಕಾನೂನು ಚೌಕಟ್ಟು

ಭಾರತದಲ್ಲಿ ಖಾಸಗಿತನದ ಹಕ್ಕಿನ ಇತಿಹಾಸಕ್ಕೆ ಕರ್ನಾಟಕದ ನಂಟಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ಈ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರಂದು ಐವರು ನ್ಯಾಯಮೂರ್ತಿಗಳ ಪೀಠವು ಆಧಾರ್ ಕಾಯ್ದೆಯನ್ನು ಬಹುಮತದಿಂದ ಎತ್ತಿಹಿಡಿದರೂ, ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಗಳಿಗೆ ಆಧಾರ್ ಜೋಡಣೆ ಕಡ್ಡಾಯವೆಂಬ ನಿಬಂಧನೆಗಳನ್ನು ರದ್ದುಪಡಿಸಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆಯ ಆಧಾರದಲ್ಲಿ ಪಡೆಯುವ ಮಾಹಿತಿಯು ನಿರ್ದಿಷ್ಟ ಉದ್ದೇಶಕ್ಕೆ ಅಗತ್ಯವಿರುವಷ್ಟಕ್ಕೆ ಸೀಮಿತವಾಗಿರಬೇಕು. ವೈದ್ಯಕೀಯ ಸಲಹೆ ನೀಡುವ ಆ್ಯಪ್‌ಗೆ ಬಳಕೆದಾರರ ಫೋನಿನಲ್ಲಿರುವ ಸಂಪರ್ಕ ಪಟ್ಟಿಯ ಅಗತ್ಯವಿಲ್ಲ ಎಂಬ ದೃಷ್ಟಾಂತವನ್ನು ಕಾಯ್ದೆಯೇ ನೀಡಿದೆ.

ಮೊಬೈಲ್ ಸಂಖ್ಯೆಗಳು

ಸಾಮಾನ್ಯವಾಗಿ ಎರಡು ಸಂಖ್ಯೆಗಳನ್ನು ಇಟ್ಟುಕೊಳ್ಳಲಾಗುತ್ತದೆ. ಮೊದಲನೆಯದನ್ನು ಬ್ಯಾಂಕ್, ಆಧಾರ್ ಮತ್ತು ಸರ್ಕಾರಿ ಸೇವೆಗಳಿಗೆ ಮೀಸಲಿಟ್ಟು ಬೇರೆಲ್ಲಿಯೂ ನೀಡುವುದಿಲ್ಲ. ಎರಡನೆಯದನ್ನು ಅಂಗಡಿ, ಜಾಹೀರಾತು, ಆನ್‌ಲೈನ್ ಖರೀದಿ ಮುಂತಾದವುಗಳಿಗೆ ಬಳಸಲಾಗುತ್ತದೆ. ಎರಡು ಸಿಮ್ ಹಾಕಬಹುದಾದ ಫೋನುಗಳಿಂದಾಗಿ ಇದಕ್ಕೆ ಇನ್ನೊಂದು ಫೋನ್ ಬೇಕಾಗುವುದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಎರಡನೆಯ ಸಂಖ್ಯೆಗೆ ಕರೆ ಬಂದರೆ ಅದು ಮೋಸವೆಂದು ತಕ್ಷಣ ಊಹಿಸಬಹುದಾದುದು ಈ ಕ್ರಮದ ಮತ್ತೊಂದು ಪ್ರಯೋಜನ.

ಭಾರತದಲ್ಲಿ ಒಬ್ಬರ ಹೆಸರಿನಲ್ಲಿ ಗರಿಷ್ಠ 9 ಸಂಪರ್ಕಗಳಿಗೆ ಅವಕಾಶವಿದೆ. ಜಮ್ಮು-ಕಾಶ್ಮೀರ, ಅಸ್ಸಾಂ ಮತ್ತು ಈಶಾನ್ಯ ರಾಜ್ಯಗಳಲ್ಲಿ ಈ ಮಿತಿ 6. ತಮ್ಮ ಹೆಸರಿನಲ್ಲಿ ಎಷ್ಟು ಸಂಖ್ಯೆಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಪರಿಶೀಲಿಸಿ, ತಮ್ಮದಲ್ಲದ ಸಂಖ್ಯೆಯ ಬಗ್ಗೆ ವರದಿ ಮಾಡಬಹುದು. ಪ್ರಚಾರದ ಕರೆಗಳನ್ನು ತಡೆಯಲು 1909 ಸಂಖ್ಯೆಯ ಮೂಲಕ ನೋಂದಾಯಿಸಿಕೊಳ್ಳಬಹುದು.

ಇಮೇಲ್ ವಿಳಾಸಗಳು

ಇಮೇಲ್‌ನಲ್ಲಿ ಪ್ರತ್ಯೇಕತೆಯನ್ನು ಮೂರು ವಿಧಗಳಲ್ಲಿ ಸಾಧಿಸಲಾಗುತ್ತದೆ.

• ಪ್ರತ್ಯೇಕ ಖಾತೆ: ಬ್ಯಾಂಕಿಗೆ ಒಂದು, ಉಳಿದ ವ್ಯವಹಾರಗಳಿಗೆ ಇನ್ನೊಂದು ಖಾತೆ ತೆರೆಯುವುದು.
• ಉಪವಿಳಾಸ: ಜಿಮೇಲ್ ಮೊದಲಾದ ಸೇವೆಗಳಲ್ಲಿ ಬಳಕೆದಾರರ ಹೆಸರಿನ ಮುಂದೆ + ಚಿಹ್ನೆ ಹಾಗೂ ಬೇಕಾದ ಪದವನ್ನು ಸೇರಿಸಿದರೂ ಪತ್ರವು ಅದೇ ಪೆಟ್ಟಿಗೆಗೆ ಬರುತ್ತದೆ. ಯಾರಿಗೆ ನೀಡಿದ ವಿಳಾಸಕ್ಕೆ ಅನಗತ್ಯ ಪತ್ರಗಳು ಬರುತ್ತಿವೆ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಮೂಲ ವಿಳಾಸ ಅದರಲ್ಲೇ ಕಾಣುವುದರಿಂದ ಇದು ಮರೆಮಾಚುವ ಸಾಧನವಲ್ಲ.
• ಮುಸುಕು ವಿಳಾಸ: ಫೈರ್‌ಫಾಕ್ಸ್ ರಿಲೇ, ಆ್ಯಪಲ್‌ನ ‘ಹೈಡ್ ಮೈ ಇಮೇಲ್’ ಮುಂತಾದ ಸೇವೆಗಳು ಬೇರೊಂದು ವಿಳಾಸವನ್ನು ಸೃಷ್ಟಿಸಿ, ಅದಕ್ಕೆ ಬಂದ ಪತ್ರಗಳನ್ನು ಮೂಲ ವಿಳಾಸಕ್ಕೆ ಕಳುಹಿಸುತ್ತವೆ. ಬೇಡವಾದಾಗ ಆ ವಿಳಾಸವನ್ನಷ್ಟೇ ನಿಲ್ಲಿಸಬಹುದು.

ಮಿತಿಗಳು

ಭಾರತದಲ್ಲಿ ಗುರುತಿನ ದಾಖಲೆ ನೀಡದೆ ಸಿಮ್ ದೊರೆಯುವುದಿಲ್ಲ. ಹೀಗಾಗಿ ಎರಡನೆಯ ಸಂಖ್ಯೆಯು ವ್ಯಾಪಾರಿಗಳು ಮತ್ತು ಅಪರಿಚಿತರಿಂದ ರಕ್ಷಣೆ ನೀಡುತ್ತದೆಯೇ ಹೊರತು ಅನಾಮಧೇಯತೆಯನ್ನಲ್ಲ. ಬೇರೊಬ್ಬರ ಹೆಸರಿನಲ್ಲಿ ವಂಚನೆಯಿಂದ ಸಿಮ್ ಪಡೆಯುವುದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ. ಎರಡೂ ಸಂಖ್ಯೆಗಳನ್ನು ಒಂದೇ ಖಾತೆಯಲ್ಲಿ ದಾಖಲಿಸಿದರೆ ಅಥವಾ ಪರಿಚಿತರು ಅವೆರಡನ್ನೂ ಒಂದೇ ಹೆಸರಿನಡಿ ಉಳಿಸಿ ತಮ್ಮ ಸಂಪರ್ಕ ಪಟ್ಟಿಯನ್ನು ಯಾವುದಾದರೂ ಆ್ಯಪ್‌ಗೆ ಒಪ್ಪಿಸಿದರೆ ಪ್ರತ್ಯೇಕತೆ ಉಳಿಯುವುದಿಲ್ಲ.

ರೀಚಾರ್ಜ್ ಇಲ್ಲದೆ ಬಿಟ್ಟ ಸಂಖ್ಯೆ ಇನ್ನೂ ಹೆಚ್ಚಿನ ಅಪಾಯ ತರಬಹುದು. ಸ್ಥಗಿತಗೊಂಡ ಸಂಖ್ಯೆಯನ್ನು 90 ದಿನಗಳ ನಂತರ ಹೊಸ ಗ್ರಾಹಕರಿಗೆ ಹಂಚಬಹುದು. ಅಷ್ಟರಲ್ಲಿ ಹಳೆಯ ಖಾತೆಗಳಿಂದ ಅದನ್ನು ತೆಗೆಯದಿದ್ದರೆ ಒಟಿಪಿಗಳು ಹೊಸಬರ ಕೈಸೇರುತ್ತವೆ. ಆದುದರಿಂದ ಸಂಖ್ಯೆಯನ್ನು ಕೈಬಿಡುವ ಮುನ್ನ ಬ್ಯಾಂಕ್, ಇಮೇಲ್ ಮತ್ತು ವಾಟ್ಸಾಪ್ ಖಾತೆಗಳಲ್ಲಿ ಅದನ್ನು ಬದಲಾಯಿಸುವುದು ಅಗತ್ಯ. ಹಣಕಾಸು ವಂಚನೆ ನಡೆದಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ದೂರು ನೀಡಬಹುದು.