ಹಂಡೆಯ ತಳದ ಒಂದು ಲೋಟ ನೀರು

2024ರ ಮಾರ್ಚ್ 10ರಂದು ಇಟಲಿಯ ಟೆನಿಸ್ ಆಟಗಾರ ಯಾನಿಕ್ ಸಿನ್ನರ್ ಅವರಿಂದ ತೆಗೆದ ಮೂತ್ರದ ಮಾದರಿಯಲ್ಲಿ ಕ್ಲೋಸ್ಟೆಬಾಲ್ ಎಂಬ ಸ್ಟೆರಾಯ್ಡ್‌ನ ಕುರುಹು ಸಿಕ್ಕಿತು: ಮಿಲಿಲೀಟರಿಗೆ 86 ಪಿಕೊಗ್ರಾಂ. ಎಂಟು ದಿನಗಳ ಮೇಲೆ ತೆಗೆದ ಮಾದರಿಯಲ್ಲಿ 76. ಪಿಕೊಗ್ರಾಂ ಎಂದರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟರಿಂದ ಯಾರ ತೋಳಿಗೂ ಬಲ ಬರುವುದಿಲ್ಲ. ಹಾಗಾದರೆ ಇದು ಆಕಸ್ಮಿಕವೇ ತಾನೆ?

ಈ ವಾದ ಕೇಳಲು ಚೆನ್ನ, ವಿಜ್ಞಾನದ ಮುಂದೆ ನಿಲ್ಲದು. ಹಂಡೆಯ ತಳದಲ್ಲಿ ಒಂದು ಲೋಟ ನೀರಿದೆ ಎಂದುಕೊಳ್ಳಿ. ಯಾರೋ ಈಗಷ್ಟೇ ಒಂದು ಲೋಟ ಸುರಿದರೋ, ತುಂಬಿದ ಹಂಡೆ ಖಾಲಿಯಾಗುತ್ತ ಬಂದು ಅಷ್ಟು ಉಳಿದಿದೆಯೋ? ನೀರನ್ನಷ್ಟೇ ನೋಡಿದರೆ ಗೊತ್ತಾಗದು. ವಾರಗಳ ಹಿಂದೆ ಬೇಕೆಂದೇ ನುಂಗಿದ ಮದ್ದು ಇಳಿದು ಇಳಿದು ಕೊನೆಗೆ ತೋರುವ ಅಂಕಿಯೂ, ನಿನ್ನೆಯ ಊಟದಲ್ಲಿ ಅರಿಯದೆ ಸೇರಿದ ಕಣ ತೋರುವ ಅಂಕಿಯೂ ಒಂದೇ ಆಗಿರಬಹುದು. ಅದಕ್ಕೇ ತಜ್ಞರು ಹಿಂದುಮುಂದಿನ ಮಾದರಿಗಳನ್ನು ಕೇಳುತ್ತಾರೆ. ಆ ಮದ್ದು ದೇಹದಿಂದ ಯಾವ ವೇಗದಲ್ಲಿ ಇಳಿಯುತ್ತದೆಂದು ಲೆಕ್ಕ ಹಾಕಿ, ಆಟಗಾರ ಹೇಳುವ ಕಥೆಗೆ ಅದು ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ.

ಸಿನ್ನರ್ ಕಥೆ ತಾಳೆಯಾಯಿತು. ಅವರ ಫಿಸಿಯೊ ತಮ್ಮ ಬೆರಳಿನ ಗಾಯಕ್ಕೆ ಕ್ಲೋಸ್ಟೆಬಾಲ್ ಇರುವ ಸ್ಪ್ರೇ ಹಾಕಿಕೊಂಡು ಬರಿಗೈಯಲ್ಲೇ ಮಸಾಜ್ ಮಾಡಿದ್ದರು. ಮದ್ದು ಚರ್ಮದ ಮೂಲಕ ಒಳಹೊಕ್ಕಿತ್ತು. ಇಟಲಿಯಲ್ಲಿ ಆ ಸ್ಪ್ರೇ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ಉದ್ದೇಶವಿರಲಿಲ್ಲ ಎಂದು ಒಪ್ಪಿದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ, ತಂಡದವರ ಅಜಾಗ್ರತೆಗೆ ಆಟಗಾರನೇ ಹೊಣೆ ಎಂದಿತು. 2025ರ ಫೆಬ್ರುವರಿಯಲ್ಲಿ ಮೂರು ತಿಂಗಳ ನಿಷೇಧಕ್ಕೆ ರಾಜಿಯಾಯಿತು.

ಸೈಕಲ್ ಪಟು ಆಲ್ಬರ್ಟೊ ಕಾಂಟಡೋರ್‌ಗೆ ಆ ಅದೃಷ್ಟವಿರಲಿಲ್ಲ. 2010ರ ಟೂರ್ ಡಿ ಫ್ರಾನ್ಸ್‌ನಲ್ಲಿ ಅವರ ಮಾದರಿಯಲ್ಲಿದ್ದ ಕ್ಲೆನ್‌ಬ್ಯುಟೆರಾಲ್ ಇನ್ನೂ ಕಡಿಮೆ, 50 ಪಿಕೊಗ್ರಾಂ. ಸ್ಪೇನಿನಿಂದ ತರಿಸಿದ ದನದ ಮಾಂಸ ತಿಂದಿದ್ದೆ ಎಂದರು. ದನಗಳ ಮೈಯಲ್ಲಿ ಕೊಬ್ಬು ಕಡಿಮೆ ಮಾಡಿ ಮಾಂಸ ಹೆಚ್ಚಿಸಲು ಈ ಮದ್ದು ಕೊಡುವುದುಂಟು, ಆದರೆ ಯುರೋಪಿನಲ್ಲಿ ಅದಕ್ಕೆ ನಿಷೇಧವಿದೆ, ತಪಾಸಣೆಯಲ್ಲಿ ಸಿಗುವುದು ತೀರ ಅಪರೂಪ. ಮಾಂಸಕ್ಕಿಂತ ಕಲಬೆರಕೆಯಾದ ಪೂರಕ ಆಹಾರವೇ ಕಾರಣವಾಗಿರುವ ಸಾಧ್ಯತೆ ಹೆಚ್ಚು ಎಂದ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯ ಮಂಡಳಿ, 2012ರಲ್ಲಿ ಎರಡು ವರ್ಷದ ಶಿಕ್ಷೆ ಕೊಟ್ಟು ಪ್ರಶಸ್ತಿಯನ್ನೂ ಕಿತ್ತುಕೊಂಡಿತು. ಅದೇ ಮಾಂಸದ ಮಾತನ್ನು ಮೆಕ್ಸಿಕೊದಲ್ಲಿ ಆಡಿದ್ದರೆ? 2011ರಲ್ಲಿ ಅಲ್ಲಿ ನಡೆದ 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 208 ಮಾದರಿಗಳ ಪೈಕಿ 109ರಲ್ಲಿ ಕ್ಲೆನ್‌ಬ್ಯುಟೆರಾಲ್ ಇತ್ತು. ಅಲ್ಲಿನ ಮಾಂಸವೇ ಕಾರಣವೆಂದು ಒಪ್ಪಿದ್ದರಿಂದ ಯಾರಿಗೂ ಶಿಕ್ಷೆಯಾಗಲಿಲ್ಲ.

ನಮ್ಮವರ ವಿಷಯಕ್ಕೆ ಬರೋಣ. ಸೋನಿಪತ್ ಶಿಬಿರದಲ್ಲಿ ಯಾರೋ ಮದ್ದು ಬೆರೆಸಿದರು ಎಂದ ಕುಸ್ತಿಪಟು ನರಸಿಂಗ್ ಯಾದವ್ ಅವರನ್ನು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ನಂಬಿತು. ಆದರೆ ಪಾನೀಯಕ್ಕೆ ಪುಡಿ ಉದುರಿಸಿದರೆ ಇಷ್ಟೊಂದು ಬಾರದು, ಮಾತ್ರೆಯನ್ನೇ ನುಂಗಿರಬೇಕು ಎಂದು ತಜ್ಞರು ಕ್ರೀಡಾ ನ್ಯಾಯ ಮಂಡಳಿಯ ಮುಂದೆ ಸಾಕ್ಷ್ಯ ನುಡಿದರು. 2016ರಲ್ಲಿ ಒಲಿಂಪಿಕ್ಸ್‌ಗೆಂದು ಹೋಗಿದ್ದ ರಿಯೊದಲ್ಲೇ ನಾಲ್ಕು ವರ್ಷ ನಿಷೇಧವಾಯಿತು. ಇಲ್ಲಿ ಪ್ರಮಾಣವೇ ಕಥೆಯನ್ನು ಒಡೆಯಿತು.

ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರದು ಬೇರೆ ಬಗೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಅವರು ಮರುವರ್ಷ ಸ್ಟೆರಾಯ್ಡ್ ಪ್ರಕರಣದಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ತಿಂದಿದ್ದೆವು ಎಂದು ಅವರೂ ಜೊತೆಯ ಓಟಗಾರ್ತಿಯರೂ ಹೇಳಿದರು. ದೇಶದ ಸಮಿತಿ ಒಂದು ವರ್ಷದ ನಿಷೇಧ ಹಾಕಿತ್ತು. 2012ರಲ್ಲಿ ಕ್ರೀಡಾ ನ್ಯಾಯ ಮಂಡಳಿ ಅದನ್ನು ಎರಡಕ್ಕೇರಿಸಿತು. ಕೋಚ್ ಕೊಟ್ಟರೆಂದು ಪರಿಶೀಲಿಸದೆ ನುಂಗುವುದೂ ತಪ್ಪೇ ಎಂಬುದು ಅದರ ನಿಲುವು. ಶಿಬಿರದಲ್ಲಿ ಕೋಚ್ ಮಾತಿಗೆ ಎದುರಾಡಲಾಗದ ಹುಡುಗಿಯರಿಗೆ ಇದು ಕಟುವೆಂದೇ ನನ್ನ ಅನಿಸಿಕೆ.

ನಿಯಮವೂ ಆಟಗಾರನಿಗೆ ಪ್ರತಿಕೂಲವೇ. ಮದ್ದು ದೇಹದಲ್ಲಿತ್ತು ಎಂದು ತೋರಿಸಿದರೆ ಸಂಸ್ಥೆಯ ಕೆಲಸ ಮುಗಿಯಿತು. ಎಲ್ಲಿಂದ ಬಂತೆಂದು ತೋರಿಸುವ ಭಾರ ಆಟಗಾರನದು; ಸುಳ್ಳಿಗಿಂತ ನಿಜವಾಗಿರುವ ಸಾಧ್ಯತೆ ಹೆಚ್ಚೆಂದಾದರೂ ಅವನು ಮನಗಾಣಿಸಬೇಕು. ಫಲಿತಾಂಶ ಬರುವುದು ವಾರಗಳ ನಂತರ. ಅಷ್ಟರಲ್ಲಿ ಊಟ ಜೀರ್ಣವಾಗಿ, ಡಬ್ಬಿ ಕಸಕ್ಕೆ ಸೇರಿರುತ್ತದೆ. ಮನೆಯಲ್ಲಿ ಓಡುವ, ಕುಸ್ತಿ ಆಡುವ ಮಕ್ಕಳಿದ್ದರೆ ಪೂರಕ ಆಹಾರದ ರಸೀದಿ, ಬ್ಯಾಚ್ ಸಂಖ್ಯೆ, ಸಾಧ್ಯವಾದರೆ ಅದೇ ಬ್ಯಾಚಿನ ಸೀಲು ಒಡೆಯದ ಒಂದು ಡಬ್ಬಿ ಎತ್ತಿಡಿ.