ಗಾಜಿನೊಳಗಿನ ಕಡಲು

ಸಮುದ್ರದ ಮೀನುಗಳನ್ನು ಮನೆಯಲ್ಲಿ ಸಾಕುವವರಿಗೆ ಇಂತಹದೊಂದು ಬೆಳಗು ಎಂದಾದರೊಮ್ಮೆ ಎದುರಾಗದೆ ಇರದು. ಹಿಂದಿನ ರಾತ್ರಿ ದೀಪವಾರಿಸುವಾಗ ಗಾಜಿನ ತೊಟ್ಟಿಯೊಳಗೆ ಎಲ್ಲವೂ ಕ್ಷೇಮವಾಗಿತ್ತು. ಹವಳದ ಕೊಂಬೆಗಳ ನಡುವೆ ನೀಲಿ, ಹಳದಿ, ಕಿತ್ತಳೆ ಬಣ್ಣದ ಮೀನುಗಳು ಸುಳಿದಾಡುತ್ತಿದ್ದವು. ಹಾಕಿದ ಆಹಾರವನ್ನು ಆತುರದಿಂದ ತಿಂದಿದ್ದವು. ಬೆಳಗ್ಗೆ ಎದ್ದು ನೋಡಿದರೆ ಎರಡು ಮೀನುಗಳು ಮರಳಿನ ಮೇಲೆ ಒರಗಿವೆ, ಒಂದು ನೀರಿನ ಮೇಲೆ ತೇಲುತ್ತಿದೆ, ಇನ್ನೊಂದು ಮೂಲೆಯಲ್ಲಿ ಏದುಸಿರು ಬಿಡುತ್ತಿದೆ. ನೀರು ಮಾತ್ರ ನಿನ್ನೆಯಷ್ಟೇ ತಿಳಿಯಾಗಿದೆ. ಆ ತಿಳಿನೀರನ್ನು ಕಂಡಾಗಲೇ ಕಳವಳ ಹೆಚ್ಚುವುದು. ಸಾವು ಬಂದು ಹೋಗಿದೆ. ಬಂದ ದಾರಿಯ ಗುರುತು ಎಲ್ಲಿಯೂ ಇಲ್ಲ.

ಇಂತಹ ಹೊತ್ತಿನಲ್ಲಿ ಮನುಷ್ಯನಿಗೆ ಮೊದಲು ತೋಚುವುದು, ಏನಾದರೂ ಮಾಡಬೇಕೆಂಬುದು. ಒಬ್ಬರು ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುತ್ತಾರೆ. ಇನ್ನೊಬ್ಬರು ಅಂಗಡಿಯಿಂದ ಔಷಧ ತಂದು ಸುರಿಯುತ್ತಾರೆ. ಉಳಿದಿದ್ದ ಜೀವಗಳು ಎಷ್ಟೋ ವೇಳೆ ಸಾಯುವುದು ಈ ಉಪಚಾರದಿಂದಲೇ. ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ಆ ವಿವೇಕವನ್ನು ಮರೆಯುತ್ತೇವೆ. ಸತ್ತ ಮೀನು ಒಂದು ಸಾಕ್ಷಿ. ಅದರ ಹೇಳಿಕೆಯನ್ನು ಕೇಳುವ ಮೊದಲು ನೀರನ್ನು ಬದಲಿಸಿಬಿಟ್ಟರೆ ಸಾಕ್ಷ್ಯವೇ ಅಳಿಸಿಹೋದಂತೆ.

ಕಡಲನ್ನು ಮನೆಗೆ ತರುವುದೆಂದರೆ ಏನೆಂಬುದನ್ನು ತಿಳಿಯಲು ಈ ಹವ್ಯಾಸದ ಮೊದಲ ದಿನಗಳನ್ನು ನೆನೆಯುವುದು ಒಳ್ಳೆಯದು. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಡೆವನ್ ಪ್ರಾಂತದ ಟಾರ್ಕಿ ತೀರದಲ್ಲಿ ಹವಳದ ಜೀವಿಗಳನ್ನು ಕಂಡು ಮರುಳಾದಳು. ಪ್ರಯಾಣದ ಕುಲುಕಾಟದಲ್ಲಿ ಅವು ನಲುಗಬಾರದೆಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಸಮುದ್ರದ ನೀರು ತುಂಬಿದ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ಅಲ್ಲಿ ಹೊಸ ಕಡಲ ನೀರು ಬೇಕೆಂದಾಗ ಸಿಗುವಂತಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಅರ್ಧ ಗಂಟೆಗೂ ಮಿಕ್ಕಿ ಸುರಿಸುವ ಏರ್ಪಾಡು ಮಾಡಿದಳು. ಆ ಶ್ರಮ ಮನೆಗೆಲಸದವಳ ಪಾಲಿಗೆ ಬಂತು. ಮರುವರ್ಷ ಕಡಲ ಸಸ್ಯಗಳನ್ನೂ ಅದರೊಂದಿಗೆ ಇರಿಸಿದಳು. ಹವಳಗಳು ವರ್ಷಗಟ್ಟಲೆ ಬದುಕಿದವು. ಅಲೆ ಮತ್ತು ಗಾಳಿ ಮಾಡುತ್ತಿದ್ದ ಕೆಲಸವನ್ನು ಆ ಹೆಂಗಸಿನ ತೋಳುಗಳು ಮಾಡಿದ್ದವು. ಇಂದು ಅದೇ ಕೆಲಸವನ್ನು ವಿದ್ಯುತ್ ಪಂಪು ಮಾಡುತ್ತದೆ. ಪಂಪು ನಿಂತಾಗ ಮಾತ್ರ ಅದರ ಬೆಲೆ ನಮಗೆ ತಿಳಿಯುತ್ತದೆ.

ಆದ್ದರಿಂದ ವಿಚಾರಣೆಯಲ್ಲಿ ಮೊದಲ ಪ್ರಶ್ನೆ ಉಸಿರನ್ನು ಕುರಿತದ್ದು. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಪ್ರಾಣವಾಯುವನ್ನು ಹಿಡಿದುಕೊಳ್ಳುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರಿನಲ್ಲಿ 8 ಮಿಲಿಗ್ರಾಮಿಗೆ ಮಿಕ್ಕಿ ಕರಗಿದ್ದರೆ, ಕಡಲ ನೀರಿನಲ್ಲಿ 7ಕ್ಕೂ ಕಡಿಮೆ. ಉಷ್ಣತೆ ಏರಿದಷ್ಟೂ ಅದು ಇನ್ನೂ ಇಳಿಯುತ್ತದೆ. ಹಗಲಿನಲ್ಲಿ ಪಾಚಿಯೂ ಹವಳದೊಳಗೆ ವಾಸಿಸುವ ಸೂಕ್ಷ್ಮ ಸಸ್ಯಗಳೂ ಬೆಳಕಿನ ಬಲದಿಂದ ಪ್ರಾಣವಾಯುವನ್ನು ಉತ್ಪಾದಿಸುತ್ತವೆ. ಇರುಳಿನಲ್ಲಿ ಅವೂ ಮೀನುಗಳಂತೆಯೇ ಅದನ್ನು ಸೇವಿಸುತ್ತವೆ. ಹೀಗಾಗಿ ತೊಟ್ಟಿಯ ಅತ್ಯಂತ ಬಡತನದ ಗಳಿಗೆ ಬೆಳಗಿನ ಜಾವ. ಸೆಕೆಯ ರಾತ್ರಿ ವಿದ್ಯುತ್ತು ಹೋಗಿ ನೀರಿನ ಚಲನೆ ನಿಂತಿದ್ದರೆ, ದೊಡ್ಡ ಮೀನು ಮೊದಲು ಸತ್ತು ಸಣ್ಣವು ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ನಿಂತಿದ್ದರೆ, ಉತ್ತರ ಬಹುಮಟ್ಟಿಗೆ ಸಿಕ್ಕಿದಂತೆಯೇ.

ಎರಡನೆಯ ಪ್ರಶ್ನೆ ಕಣ್ಣಿಗೆ ಕಾಣದ ಕೊಳೆಯನ್ನು ಕುರಿತದ್ದು. ಮೀನಿನ ವಿಸರ್ಜನೆಯಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಬಂಡೆ ಮತ್ತು ಮರಳಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟು ಹಾನಿಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಕಾಣದ ಕೆಲಸಗಾರರು ನೆಲೆಯೂರಲು ನಾಲ್ಕಾರು ವಾರಗಳಾದರೂ ಬೇಕು. ಅಷ್ಟು ತಾಳ್ಮೆಯಿಲ್ಲದೆ ಮೊದಲ ವಾರದಲ್ಲೇ ಮೀನು ತುಂಬಿದವರು ಕಷ್ಟಕ್ಕೆ ಸಿಕ್ಕುತ್ತಾರೆ. ಹಳೆಯ ತೊಟ್ಟಿಯೂ ನಿರ್ಭಯವಲ್ಲ. ಬಂಡೆಯ ಹಿಂದೆ ಸತ್ತು ಕೊಳೆಯುತ್ತಿರುವ ಒಂದು ಶಂಖದ ಹುಳು ಇಡೀ ಸಂಸಾರವನ್ನು ಕೆಡಿಸಬಲ್ಲುದು. ಕಡಲ ನೀರು ಸ್ವಭಾವತಃ ಕ್ಷಾರಗುಣದ್ದಾದ್ದರಿಂದ ಅಲ್ಲಿ ಅಮೋನಿಯದ ವಿಷಭಾಗ ಹೆಚ್ಚುತ್ತದೆಂಬುದನ್ನು ಮರೆಯಬಾರದು.

ಮೂರನೆಯ ಪ್ರಶ್ನೆ: ಸತ್ತವರು ಯಾರು, ಉಳಿದವರು ಯಾರು? ಮೀನುಗಳ ಜೊತೆಗೆ ಸಿಗಡಿ, ಶಂಖದ ಹುಳುಗಳೂ ಉರುಳಿದ್ದರೆ, ಹವಳ ಮುದುಡಿದ್ದರೆ ಹೊರಗಿನ ವಿಷವನ್ನು ಶಂಕಿಸಬೇಕು. ಸೊಳ್ಳೆಗೆಂದು ಕೋಣೆಯಲ್ಲಿ ಸಿಂಪಡಿಸಿದ ಔಷಧ, ಗಾಜು ಒರೆಸಿದ ದ್ರಾವಣ, ಕೈಗೆ ಅಂಟಿದ್ದ ಸಾಬೂನು, ಕ್ಲೋರಿನ್ ಬೆರೆತ ನಲ್ಲಿಯ ನೀರು ಇವೆಲ್ಲ ಆ ಪುಟ್ಟ ಕಡಲಿಗೆ ಪ್ರಳಯವೇ ಸರಿ. ಉಪ್ಪಿನ ಲೆಕ್ಕವನ್ನೂ ನೋಡಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಹಿಂದೆ ಉಳಿಯುತ್ತದೆ. ಕಡಿಮೆಯಾದದ್ದನ್ನು ಉಪ್ಪುನೀರಿನಿಂದಲೇ ತುಂಬುತ್ತ ಹೋದರೆ ತೊಟ್ಟಿ ದಿನದಿನಕ್ಕೂ ಹೆಚ್ಚು ಉಪ್ಪಾಗುತ್ತದೆ.

ಹಾಗಲ್ಲದೆ ಹವಳವೂ ಸಿಗಡಿಯೂ ಸುಖವಾಗಿದ್ದು, ಮೀನುಗಳು ಮಾತ್ರ ಎರಡು ಮೂರು ದಿನಗಳಲ್ಲಿ ಒಂದರ ಹಿಂದೆ ಒಂದರಂತೆ ಸಾಯುತ್ತಿದ್ದರೆ ಅದು ರೋಗ. ಅವುಗಳಲ್ಲಿ ಬಲು ಕ್ರೂರವಾದದ್ದು ಮಖಮಲ್ಲು ರೋಗ. 1931ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಅಮೈಲೂಡಿನಿಯಂ ಎಂಬ ಏಕಕೋಶಜೀವಿ ಮೀನಿನ ಕಿವಿರುಗಳಿಗೆ ಕಚ್ಚಿಕೊಂಡು ಉಸಿರನ್ನೇ ಕಟ್ಟುತ್ತದೆ. ಬಲಿತ ಒಂದು ಜೀವಿ ಮೀನಿನಿಂದ ಕಳಚಿ ತಳ ಸೇರಿ 256ರವರೆಗೂ ಮರಿಗಳಾಗಿ ಒಡೆಯಬಲ್ಲುದು. ಮೈಮೇಲೆ ಹೊಂಬಣ್ಣದ ಧೂಳು ಕಾಣಿಸುವ ಮೊದಲೇ ಮೀನು ಸತ್ತಿರುವುದುಂಟು. ತಾಮ್ರದ ಔಷಧ ಇದಕ್ಕೆ ಮದ್ದು. ಆದರೆ ಅದೇ ತಾಮ್ರ ಹವಳಕ್ಕೂ ಸಿಗಡಿಗೂ ಮೃತ್ಯು. ಆದುದರಿಂದ ಮೀನುಗಳನ್ನು ಬೇರೆ ತೊಟ್ಟಿಗೆ ತೆಗೆದು ಅಲ್ಲಿಯೇ ಚಿಕಿತ್ಸೆ ನಡೆಸಬೇಕು. ಹವಳದ ತೊಟ್ಟಿಯನ್ನು ಹಲವು ವಾರ ಮೀನಿಲ್ಲದೆ ಬಿಡಬೇಕು. ಆಶ್ರಯವಿಲ್ಲದೆ ಆ ಪರೋಪಜೀವಿ ಅಳಿಯುತ್ತದೆ. ಹೊಸದಾಗಿ ತಂದ ಮೀನನ್ನು ಮೊದಲೇ ಕೆಲವು ವಾರ ಬೇರೆಯಾಗಿ ಇಟ್ಟು ನೋಡಿದವರಿಗೆ ಈ ಸಂಕಟ ಅಪರೂಪ.

ಹಾಗಾದರೆ ಆ ಬೆಳಗ್ಗೆ ಮಾಡಬೇಕಾದದ್ದೇನು? ಸತ್ತವನ್ನು ತೆಗೆಯುವುದು, ಕಾಣದವನ್ನು ಎಣಿಸಿ ಹುಡುಕುವುದು. ನೀರಿನ ಮೇಲ್ಮೈ ಚೆನ್ನಾಗಿ ಕದಡುವಂತೆ ಮಾಡುವುದು. ಇದರಿಂದ ಯಾರಿಗೂ ಕೇಡಿಲ್ಲ. ಒಂದು ಲೋಟ ನೀರನ್ನು ಪರೀಕ್ಷೆಗೆಂದು ತೆಗೆದಿಟ್ಟು ಉಷ್ಣತೆ, ಉಪ್ಪು, ಅಮೋನಿಯ, ಕ್ಷಾರತೆಗಳನ್ನು ಅಳೆದು ಬರೆದುಕೊಳ್ಳುವುದು. ಅಮೋನಿಯವೋ ವಿಷವೋ ಇದೆಯೆಂದಾದರೆ, ಅದೇ ಉಷ್ಣತೆ, ಅದೇ ಉಪ್ಪು ಇರುವ ನೀರಿನಿಂದ ತೊಟ್ಟಿಯ ಒಂದು ಪಾಲನ್ನು ಬದಲಿಸುವುದು; ವಿಷ ಹೀರುವ ಇದ್ದಿಲನ್ನು ಇಡುವುದು. ಕಾರಣ ತಿಳಿಯುವವರೆಗೆ ಯಾವ ಔಷಧವನ್ನೂ ಹಾಕದಿರುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಇಷ್ಟೆಲ್ಲ ವಿಚಾರಿಸಿದರೂ ಕೆಲವು ಸಾವುಗಳ ಕಾರಣ ಮನೆಯೊಳಗೆ ಸಿಕ್ಕುವುದಿಲ್ಲ. ಅದು ದೂರದ ಕಡಲಿನಲ್ಲಿರುತ್ತದೆ. ಫಿಲಿಪೈನ್ಸಿನ ಹವಳದ ದಿಬ್ಬಗಳಲ್ಲಿ ಸೋಡಿಯಂ ಸಯನೈಡನ್ನು ಚಿಮ್ಮಿಸಿ ಮೀನನ್ನು ಮಂಕುಗೊಳಿಸಿ ಹಿಡಿಯುವ ಪದ್ಧತಿ 1960ರ ದಶಕದಲ್ಲಿ ಆರಂಭವಾಯಿತು. ಹಾಗೆ ಹಿಡಿದ ಮೀನು ಕೊಂಡವನ ಮನೆಯಲ್ಲಿ ಸಾಯಬಹುದು; ಅಲ್ಲಿ ಉಳಿದ ಹವಳವೂ ನವೆಯುತ್ತದೆ. ಆನಾ ಥಿನ್‌ಳ ನಾಡಿನಲ್ಲಿಯೂ ಹೀಗೆಯೇ ಆಗಿತ್ತು. ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಬರೆದ ಅಕ್ವೇರಿಯಂ ಕುರಿತ ಪುಸ್ತಕದಿಂದ ಜನರಲ್ಲಿ ಈ ಹುಚ್ಚು ಹಬ್ಬಿತು. ಸಂಗ್ರಹಕಾರರ ದಾಳಿಯಿಂದ ಇಂಗ್ಲೆಂಡಿನ ಬಂಡೆಗುಂಡಿಗಳು ಬರಿದಾದ ದುಃಖವನ್ನು ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತೋಡಿಕೊಂಡಿದ್ದಾನೆ.

ನಮ್ಮ ದೇಶದಲ್ಲಿ 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನು ವನ್ಯಜೀವಿ ಕಾನೂನಿನ ರಕ್ಷಣೆಗೆ ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ಕೀಳುವುದು ಅಪರಾಧ. ಮುರುಡೇಶ್ವರದಿಂದಾಚೆ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದವರು ಹವಳವನ್ನು ಅದರ ಮನೆಯಲ್ಲಿಯೇ ಕಾಣಬಹುದು. ಅಲ್ಲಿ ಪಂಪಿಲ್ಲ, ಪರೀಕ್ಷೆಯಿಲ್ಲ. ಅಲೆ ತನ್ನ ಕೆಲಸವನ್ನು ತಾನೇ ಮಾಡುತ್ತದೆ. ಆ ಕೆಲಸವನ್ನು ಕಡಲಿನಿಂದ ಕಸಿದು ತನ್ನ ತಲೆಯ ಮೇಲೆ ಹೊತ್ತವನು ರಾತ್ರಿ ದೀಪವಾರಿಸುವ ಮುನ್ನ ಒಂದು ಗಳಿಗೆ ತೊಟ್ಟಿಯ ಮುಂದೆ ನಿಂತು, ಎಲ್ಲರೂ ಉಸಿರಾಡುತ್ತಿದ್ದಾರೆಯೇ ಎಂದು ನೋಡಬೇಕು.